ಚಹಾ ಅಗ್ಗ ಆಗಿದ್ದಕ್ಕೆ ಸಮುದ್ರಕ್ಕೆ ಸುರಿದರಾ? ಬಾಸ್ಟನ್ ಲೆಕ್ಕ ನನ್ನ ತಲೆಗೆ ಹೋಗ್ತಿಲ್ಲ

ಕಾಫಿಪುಡಿ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ನಾವು ಬಾಸ್ಟನ್ ಹತ್ತಿರ ಇರುವುದು, ಬಂದು ಎರಡು ವರ್ಷವಾಯಿತು. ಹೋದ ವಾರ ಮಗಳನ್ನು ಶಾಲೆಯವರು ಬಂದರಿನ ಟೀ ಪಾರ್ಟಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಅಮೆರಿಕ ಬ್ರಿಟಿಷರ ವಸಾಹತಾಗಿದ್ದಾಗ, 1773ರಲ್ಲಿ ಬಾಸ್ಟನ್ನಿನವರು ಹಡಗಿನಲ್ಲಿ ಬಂದ ಚಹಾವನ್ನು ಸಮುದ್ರಕ್ಕೆ ಎಸೆದರಲ್ಲ, ಅದರ ನೆನಪಿನ ಮ್ಯೂಸಿಯಂ. ಅಲ್ಲಿ ಹಡಗಿನ ಮೇಲೆ ಮಕ್ಕಳ ಕೈಗೆ ಚಹಾ ಪೆಟ್ಟಿಗೆ ಕೊಟ್ಟು ನೀರಿಗೆ ಎಸೆಯಲು ಬಿಡುತ್ತಾರೆ. ಪೆಟ್ಟಿಗೆಗೆ ಹಗ್ಗ ಕಟ್ಟಿರುತ್ತದೆ, ಮತ್ತೆ ಮೇಲಕ್ಕೆ ಎಳೆದು ಮುಂದಿನವರಿಗೆ ಕೊಡುತ್ತಾರೆ. ಇವಳು ಎರಡು ಸಲ ಎಸೆದು ಬಂದಿದ್ದಾಳೆ.

ಬಂದವಳೇ ನನ್ನನ್ನು ಹಿಡಿದುಕೊಂಡಳು. "ಅಪ್ಪಾ, 1773ರ ಟೀ ಕಾಯ್ದೆಯಲ್ಲಿ ಹೊಸ ತೆರಿಗೆಯೇ ಇರಲಿಲ್ಲವಂತೆ. ಚಹಾ ಬೆಲೆ ಇಳಿಯುತ್ತಿತ್ತಂತೆ. ಮತ್ತೆ ಯಾಕೆ ಎಸೆದರು?" ನಾನು ಶಾಲೆಯಲ್ಲಿ ಓದಿದ್ದು ಒಂದೇ ಸಾಲು: ತೆರಿಗೆ ಜಾಸ್ತಿಯಾಯಿತು, ಜನ ದಂಗೆ ಎದ್ದರು, ಸ್ವಾತಂತ್ರ್ಯ ಬಂತು. ಐದು ಮಾರ್ಕಿಗೆ ಅಷ್ಟು ಸಾಕಿತ್ತು. ಮಗಳಿಗೆ ಸಾಕಾಗ್ತಿಲ್ಲ. ಹುಡುಕಿ ನೋಡಿದೆ, ಅವಳು ಹೇಳಿದ್ದು ನಿಜ. ಒಂದು ಪೌಂಡ್ ಚಹಾಕ್ಕೆ 3 ಪೆನ್ನಿ ಸುಂಕ 1767ರಿಂದಲೇ ಇತ್ತು. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಬೆಣ್ಣೆದೋಸೆ

ಹಾಲು ಹಾಕದ ಚಹಾ. ಯಾರಾದ್ರೂ ಎಸೀತಾರೆ.

ಹಳೇ ಮೇಷ್ಟ್ರು

ಚಹಾದಿಂದ ಶುರು ಮಾಡಿದರೆ ಅರ್ಥವಾಗುವುದಿಲ್ಲ, ಹತ್ತು ವರ್ಷ ಹಿಂದಕ್ಕೆ ಹೋಗಿ. 1763ರಲ್ಲಿ ಫ್ರೆಂಚರ ಜೊತೆಗಿನ ಏಳು ವರ್ಷದ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು. ಆದರೆ ಸರ್ಕಾರದ ಸಾಲ 12 ಕೋಟಿ ಪೌಂಡ್ ದಾಟಿತ್ತು. ಅದರ ಮೇಲೆ ಅಮೆರಿಕದಲ್ಲಿ ಸುಮಾರು 10 ಸಾವಿರ ಸೈನಿಕರನ್ನು ಇಡುವ ತೀರ್ಮಾನ ಬೇರೆ. ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಪಕ್ಕಾ ಲೆಕ್ಕದ ಮನುಷ್ಯ. ಸೈನ್ಯ ಇರುವುದು ನಿಮ್ಮನ್ನು ಕಾಯೋಕೆ, ಖರ್ಚಿನಲ್ಲಿ ಒಂದು ಪಾಲು ನೀವೂ ಹಾಕಿ ಅನ್ನುವುದು ಅವನ ವಾದ. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ?

ಮೊದಲು ಕೈ ಹಾಕಿದ್ದು ಕಾಕಂಬಿಗೆ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ. ಹೊರಗಿನವರ, ಅಂದರೆ ಮುಖ್ಯವಾಗಿ ಫ್ರೆಂಚ್ ದ್ವೀಪಗಳ ಕಾಕಂಬಿಗೆ 1733ರಿಂದಲೇ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು. ಕಟ್ಟುತ್ತಿದ್ದವರು ಕಡಿಮೆ. ಸುಂಕದವನ ಕೈ ಬಿಸಿ ಮಾಡಿದರೆ ಆಯಿತು. 1764ರಲ್ಲಿ ಗ್ರೆನ್‌ವಿಲ್ ಅದನ್ನು 3 ಪೆನ್ನಿಗೆ ಇಳಿಸಿದ. ಇಳಿಸಿದ, ಗಮನಿಸಿ. ಆದರೆ ಈ ಸಲ ವಸೂಲಿ ಮಾಡಿಯೇ ತೀರುವುದು ಅಂತ ಹೊರಟ. ನೌಕಾಪಡೆಯ ತಪಾಸಣೆ, ಸರಕಿಗೆಲ್ಲ ಕಾಗದಪತ್ರ, ಸಿಕ್ಕಿಬಿದ್ದರೆ ಜ್ಯೂರಿಯೇ ಇಲ್ಲದ ನೌಕಾ ಕೋರ್ಟು. ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಆಗಲೂ ದರ ಇಳಿದಾಗಲೇ ಸಿಟ್ಟು ಏರಿದ್ದು.

ಮಂಡ್ಯದ ಕಬ್ಬು

ಕಾಕಂಬಿ ಅಂದ ತಕ್ಷಣ ಮೂಗಿಗೆ ವಾಸನೆ ಬಂತು. ಸಕ್ಕರೆ ಕಾರ್ಖಾನೆ ಪಕ್ಕದ ಊರಿನವನು ನಾನು. ಅವರು ಅದನ್ನಿಟ್ಟುಕೊಂಡು ಏನು ಮಾಡ್ತಿದ್ರು ಸಾರ್?

ಹಳೇ ಮೇಷ್ಟ್ರು

ನೀವು ಅಂದುಕೊಂಡಿದ್ದೇ. ರಮ್. ಬಾಸ್ಟನ್, ರೋಡ್ ಐಲೆಂಡ್ ಕಡೆ ಭಟ್ಟಿಗಳು ತುಂಬಾ ಇದ್ದವು.

ಲೆಕ್ಕಪತ್ರ

ಮೇಷ್ಟ್ರು ಮರ್ಯಾದೆಯಾಗಿ ಹೇಳ್ತಿದ್ದಾರೆ, ನಾನು ಒರಟಾಗಿ ಹೇಳ್ತೀನಿ. ಕಳ್ಳಸಾಗಣೆಯವರ ಹೊಟ್ಟೆಗೆ ಹೊಡೆದರು, ಅವರು ತಿರುಗಿ ಬಿದ್ದರು. ಉಳಿದದ್ದೆಲ್ಲ ಭಾಷಣ.

ಚಹಾದ ಲೆಕ್ಕ ನೋಡಿ. ಮೊದಲು ಈಸ್ಟ್ ಇಂಡಿಯಾ ಕಂಪನಿ ತನ್ನ ಚಹಾವನ್ನು ಲಂಡನ್ನಿನಲ್ಲಿ ಹರಾಜು ಹಾಕಬೇಕಿತ್ತು. ಅಲ್ಲಿ ಸುಂಕ, ಅಲ್ಲಿಯ ವ್ಯಾಪಾರಿಯ ಲಾಭ, ಆಮೇಲೆ ಬಾಸ್ಟನ್ ವ್ಯಾಪಾರಿಯ ಲಾಭ, ಮೇಲೆ 3 ಪೆನ್ನಿ. ಡಚ್ಚರ ಕಳ್ಳ ಚಹಾ ಇದಕ್ಕಿಂತ ಎಷ್ಟೋ ಅಗ್ಗ. 1773ರಲ್ಲಿ ಕಂಪನಿಯ ಗೋದಾಮಿನಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಕೊಳೆಯುತ್ತಾ ಬಿದ್ದಿತ್ತು, ಕಂಪನಿ ದಿವಾಳಿ ಅಂಚಿಗೆ ಬಂದಿತ್ತು. ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ ಲಂಡನ್ನಿನ ಸುಂಕ ವಾಪಸ್, ಹರಾಜಿಲ್ಲದೆ ನೇರ ಅಮೆರಿಕಕ್ಕೆ ಕಳಿಸುವ ಪರವಾನಗಿ. ಮಧ್ಯದವರೆಲ್ಲ ಔಟ್. ಕಳ್ಳ ಚಹಾದವನೂ ಹೋದ, ನಿಯತ್ತಿನಿಂದ ಸುಂಕ ಕಟ್ಟಿ ತರಿಸುತ್ತಿದ್ದವನೂ ಹೋದ. ಮಾರಾಟದ ಹಕ್ಕು ಕೈಬೆರಳೆಣಿಕೆಯ ಏಜೆಂಟರಿಗೆ. ಬಾಸ್ಟನ್ ಏಜೆಂಟರಲ್ಲಿ ಇಬ್ಬರು ಗವರ್ನರ್ ಥಾಮಸ್ ಹಚಿನ್‌ಸನ್‌ನ ಮಕ್ಕಳು. ಸ್ವಂತ ಮಕ್ಕಳು ಕಣ್ರೀ!

ನಮ್ಮೂರಿನ ಅಂಗಡಿ ಬೀದಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೀನಿ. ದೊಡ್ಡ ಅಂಗಡಿ ಬಂದು ಅಕ್ಕಿಗೆ ಎರಡು ರೂಪಾಯಿ ಇಳಿಸಿತು. ಗಿರಾಕಿಗಳಿಗೆ ಖುಷಿ. ನಮ್ಮಪ್ಪ ಒಂದು ತಿಂಗಳು ರಾತ್ರಿ ನಿದ್ದೆ ಮಾಡಲಿಲ್ಲ.

ವಕೀಲಮ್ಮ

ಲೆಕ್ಕಪತ್ರ ಅವರೇ, ವ್ಯಾಪಾರಿಗಳ ಸಿಟ್ಟು ನಿಜ, ಒಪ್ಪಿದೆ. ಆದರೆ ಹಳ್ಳಿಯಲ್ಲಿ ಹೊಲ ಉಳುತ್ತಿದ್ದವನಿಗೆ ಡಚ್ ಚಹಾದಲ್ಲಿ ಏನು ಪಾಲಿತ್ತು? ಅವನು ಯಾಕೆ ಬಂದೂಕು ಹಿಡಿದ?

1765ರ ಸ್ಟ್ಯಾಂಪ್ ಕಾಯ್ದೆಯನ್ನು ನೀವು ಹಾರಿಸಿಬಿಟ್ಟಿರಿ. ನ್ಯಾಯವಾಗಿ ಅದು ನಮ್ಮ ಛಾಪಾ ಕಾಗದದ ಅಜ್ಜಿ. ಕೋರ್ಟಿನ ಕಾಗದ, ಜಮೀನು ಪತ್ರ, ಉಯಿಲು, ಪಂಚಾಂಗ, ಪತ್ರಿಕೆ, ಎಲ್ಲಕ್ಕೂ ಸರ್ಕಾರದ ಮುದ್ರೆ ಬೇಕು. ಪತ್ರಿಕೆಯ ಒಂದೊಂದು ಜಾಹೀರಾತಿಗೆ 2 ಶಿಲಿಂಗ್. ಕಾಲೇಜು ಡಿಗ್ರಿಗೆ 2 ಪೌಂಡ್. ಒಂದು ಕಟ್ಟು ಇಸ್ಪೀಟಿಗೆ 1 ಶಿಲಿಂಗ್, ಒಂದು ಜೊತೆ ದಾಳಕ್ಕೆ 10! ಅಂದರೆ ವಕೀಲ, ಪತ್ರಿಕೆಯವ, ಪಾದ್ರಿ, ಹೆಂಡದಂಗಡಿಯವ, ಜೂಜಿನವ, ಎಲ್ಲರನ್ನೂ ಒಂದೇ ದಿನ ಎದುರು ಹಾಕಿಕೊಂಡರು. ಇದರಲ್ಲಿ ವಕೀಲರೂ ಪತ್ರಿಕೆಯವರೂ ಊರಿಗೆಲ್ಲ ಕೇಳುವ ಹಾಗೆ ಕೂಗಬಲ್ಲವರು. ಫಿಲಡೆಲ್ಫಿಯಾದ ಒಂದು ಪತ್ರಿಕೆ, ಕಾಯ್ದೆ ಜಾರಿಯಾಗುವ ಹಿಂದಿನ ದಿನ, ಮುಖಪುಟವನ್ನೇ ಗೋರಿಕಲ್ಲಿನ ಹಾಗೆ ಕಪ್ಪು ಪಟ್ಟಿಯಲ್ಲಿ ಅಚ್ಚು ಹಾಕಿತು. ಮುದ್ರೆ ಬೀಳಬೇಕಾದ ಜಾಗದಲ್ಲಿ ತಲೆಬುರುಡೆ.

ಹೋದ ತಿಂಗಳು ಒಂದು ಬಾಡಿಗೆ ಕರಾರಿಗೆ ಛಾಪಾ ಕಾಗದ ತರೋಕೆ ಮೂರು ಸಲ ಅಲೆದೆ. ಸರ್ವರ್ ಇಲ್ಲ, ಊಟದ ಹೊತ್ತು, ನಾಳೆ ಬನ್ನಿ. ಮೂರನೇ ಸಲ ನನಗೂ ತಲೆಬುರುಡೆ ನೆನಪಾಯಿತು.

ಲಂಡನ್ನಿನ ಲಕ್ಕ

ಇನ್ನೊಂದು ಕಡೆಯ ಮಾತೂ ಬರಲಿ. ಸ್ಟ್ಯಾಂಪ್ ತೆರಿಗೆ ಇಂಗ್ಲೆಂಡಿನಲ್ಲಿ 1694ರಿಂದಲೇ ಇತ್ತು. ಇಲ್ಲಿಯವರು ತಲೆಗೆ ಕಟ್ಟುತ್ತಿದ್ದ ತೆರಿಗೆ ಅಲ್ಲಿಯವರದಕ್ಕಿಂತ ಇಪ್ಪತ್ತೈದು ಪಟ್ಟು ಜಾಸ್ತಿ ಅಂತ ಇತಿಹಾಸಕಾರರ ಒಂದು ಲೆಕ್ಕವಿದೆ. ಪಾರ್ಲಿಮೆಂಟಿನಲ್ಲಿ ನಮಗೆ ಪ್ರಾತಿನಿಧ್ಯವಿಲ್ಲ, ತೆರಿಗೆ ಕಟ್ಟಲ್ಲ ಅಂತ ಅಮೆರಿಕದವರು ಕೂಗಿದರಲ್ಲ, ಆಗ ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ಸ್ವಂತ ಸಂಸದರೇ ಇರಲಿಲ್ಲ. ಅವರೇನು ಸರಕು ಎಸೆದರಾ? ಯುದ್ಧ ನಡೆದದ್ದು ಇವರಿಗಾಗಿ, ಬಿಲ್ಲು ಬಂದಾಗ ಶೌಚಾಲಯಕ್ಕೆ ಎದ್ದು ಹೋಗುವ ಗೆಳೆಯನ ಹಾಗೆ ಆಡಿದರು.

ವಕೀಲಮ್ಮ

ಬಿಲ್ಲಿನ ಮಾತು ಚೆನ್ನಾಗಿದೆ. ಆದರೆ ಊಟಕ್ಕೆ ಏನು ಹೇಳಬೇಕು ಅಂತ ಇವರನ್ನು ಕೇಳಲೇ ಇಲ್ಲವಲ್ಲ. ಒಂದೊಂದು ವಸಾಹತಿಗೂ ತನ್ನದೇ ಶಾಸನಸಭೆ ಇತ್ತು. ತೆರಿಗೆ ಹಾಕುವುದು ಆ ಸಭೆ. ಗವರ್ನರನ ಸಂಬಳ ಕೊಡುವುದೂ ಎಷ್ಟೋ ಕಡೆ ಆ ಸಭೆಯೇ. ಗವರ್ನರ್ ಕೊಬ್ಬಿದರೆ ಸಂಬಳ ತಡೆಹಿಡಿಯಬಹುದು. 1767ರ ಟೌನ್‌ಶೆಂಡ್ ಸುಂಕಗಳು ಬಂದವು: ಗಾಜು, ಸೀಸ, ಬಣ್ಣ, ಕಾಗದ, ಚಹಾ. ಆ ದುಡ್ಡಿನಲ್ಲಿ ಗವರ್ನರಿಗೂ ನ್ಯಾಯಾಧೀಶರಿಗೂ ನೇರ ಸಂಬಳ ಕೊಡುತ್ತೇವೆ ಅಂದರು. ಕೀಲಿಕೈ ಕಿತ್ತುಕೊಂಡಿದ್ದು ಅಲ್ಲಿ. 3 ಪೆನ್ನಿಯ ಸಿಟ್ಟಲ್ಲ ಅದು. ನಿಮ್ಮ ಜಡ್ಜಿಗೆ ಎದುರು ಪಾರ್ಟಿ ಸಂಬಳ ಕೊಡುತ್ತಿದ್ದರೆ ನೀವು ಸುಮ್ನೆ ಇರ್ತೀರಾ?

ತುಂಗಾತೀರ

'ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ' ಅಂದರೆ ಪಾರ್ಲಿಮೆಂಟಿನಲ್ಲಿ ನಾಲ್ಕು ಸೀಟು ಕೊಟ್ಟಿದ್ದರೆ ಮುಗಿಯುತ್ತಿತ್ತು ಅಲ್ವಾ? ಯಾಕೆ ಕೊಡಲಿಲ್ಲ?

ಹಳೇ ಮೇಷ್ಟ್ರು

ತುಂಗಾತೀರ, ಎಲ್ಲರೂ ಎಡವುವ ಜಾಗ ಅದು. ಅವರು ಸೀಟು ಕೇಳಲೇ ಇಲ್ಲ! 1765ರ ಅಕ್ಟೋಬರಿನಲ್ಲಿ 9 ವಸಾಹತುಗಳವರು ನ್ಯೂಯಾರ್ಕಿನಲ್ಲಿ ಸೇರಿ ನಿರ್ಣಯ ಮಾಡಿದರು. ನಾವಿರುವ ಜಾಗದಿಂದಾಗಿ ಲಂಡನ್ನಿನಲ್ಲಿ ನಮಗೆ ಪ್ರಾತಿನಿಧ್ಯ ಸಾಧ್ಯವೇ ಇಲ್ಲ, ಆದ್ದರಿಂದ ನಮ್ಮ ಸಭೆಗಳು ಮಾತ್ರ ತೆರಿಗೆ ಹಾಕಬಹುದು ಅಂತ. ನಾಲ್ಕು ಸೀಟು ತಗೊಂಡಿದ್ದರೆ ಪ್ರತಿ ಸಲ ಸೋತು, ಒಪ್ಪಿದ್ದೀರಲ್ಲ ಅಂತ ಅನ್ನಿಸಿಕೊಳ್ಳಬೇಕಿತ್ತು. ಜಾಣರು.

ಬಯಲುಸೀಮೆ

ಸ್ಟ್ಯಾಂಪ್ ಕಾಯ್ದೆಯ ಗಲಾಟೆಯಲ್ಲಿ ನನಗೆ ಇಷ್ಟವಾದದ್ದು ಬೂಟು. 1765 ಆಗಸ್ಟ್ 14ರ ಬೆಳಿಗ್ಗೆ ಬಾಸ್ಟನ್ನಿನ ಒಂದು ದೊಡ್ಡ ಎಲ್ಮ್ ಮರದಲ್ಲಿ ಪ್ರತಿಕೃತಿ ನೇತಾಡುತ್ತಿತ್ತು. ಅದು ಆಂಡ್ರ್ಯೂ ಆಲಿವರ್, ಮುದ್ರೆ ಕಾಗದ ಹಂಚಬೇಕಿದ್ದ ಅಧಿಕಾರಿ. ಪಕ್ಕದಲ್ಲಿ ಒಂದು ದೊಡ್ಡ ಬೂಟು, ಒಳಗಿಂದ ಇಣುಕುವ ಪುಟ್ಟ ದೆವ್ವ. ಬೂಟು ಯಾಕೆ? ರಾಜನಿಗೆ ಹತ್ತಿರದವನಾಗಿದ್ದ ಲಾರ್ಡ್ ಬ್ಯೂಟ್‌ನ ಹೆಸರು ಬೂಟಿನ ಹಾಗೆ ಕೇಳಿಸುತ್ತದೆ ಅಂತ. ಅಟ್ಟೆಗೆ ಹಸಿರು ಬಣ್ಣ, ಅದು ಗ್ರೆನ್‌ವಿಲ್ ಹೆಸರಿನ 'ಗ್ರೀನ್'. ಸಂಜೆ ಹೊತ್ತಿಗೆ ಪ್ರತಿಕೃತಿಯನ್ನು ಮೆರವಣಿಗೆ ಮಾಡಿ, ಆಲಿವರ್ ಕಟ್ಟಿಸಿದ್ದ ಕಟ್ಟಡ ಕೆಡವಿ, ಅದೇ ಮರದ ತುಂಡುಗಳಿಂದ ಬೆಂಕಿ ಹಾಕಿದರು. ಆಲಿವರ್ ಹುದ್ದೆ ಬಿಡುತ್ತೇನೆ ಅಂದ. ಬೇರೆ ವಸಾಹತುಗಳಲ್ಲೂ ಹಂಚುವವರು ಒಬ್ಬೊಬ್ಬರಾಗಿ ಕೈ ಬಿಟ್ಟರು. ಹಂಚುವವನೇ ಇಲ್ಲದ ಮೇಲೆ ತೆರಿಗೆ ಎಲ್ಲಿಂದ? ಜಾರ್ಜಿಯಾದಲ್ಲಿ ಮಾತ್ರ ಸ್ವಲ್ಪ ದಿನ ನಡೆಯಿತು.

ಲಂಡನ್ನಿನ ಲಕ್ಕ

ಎರಡು ವಾರ ಬಿಟ್ಟು, ಆಗಸ್ಟ್ 26ಕ್ಕೆ, ಅದೇ ಗುಂಪು ಹಚಿನ್‌ಸನ್ ಮನೆಯನ್ನು ಗೋಡೆಯ ಹಲಗೆ ಸಮೇತ ಕಿತ್ತು ಹಾಕಿತು, ಅದನ್ನೂ ಹೇಳಿ. ಆತ ಆ ಕಾಯ್ದೆ ಬೇಡ ಅಂತಲೇ ಲಂಡನ್ನಿಗೆ ಬರೆದಿದ್ದವನು. 1774ರ ಜನವರಿಯಲ್ಲಿ ಜಾನ್ ಮಾಲ್ಕಮ್ ಅನ್ನುವ ಸುಂಕದ ಅಧಿಕಾರಿಗೆ ಕೊರೆಯುವ ಚಳಿಯಲ್ಲಿ ಬಿಸಿ ಡಾಂಬರು ಬಳಿದು, ಹಕ್ಕಿ ಗರಿ ಅಂಟಿಸಿ ಬೀದಿ ಸುತ್ತಿಸಿದರು. ಚಹಾ ಬೇಕಾ ಅಂತ ಬಲವಂತವಾಗಿ ಕುಡಿಸಿದರು. ಮ್ಯೂಸಿಯಂನಲ್ಲಿ ಮಕ್ಕಳ ಕೈಗೆ ಅದನ್ನು ಕೊಡಲ್ಲ ಅಲ್ವಾ?

ಕಾಫಿಪುಡಿ

ಸದ್ಯ ಕೊಡಲಿಲ್ಲ. ಓದ್ತಾ ಇದ್ದೀನಿ, ನಿಲ್ಲಿಸಬೇಡಿ.

ಸುಮ್ನೆ ಓದುವವ

ಒಂದು ದಡ್ಡ ಪ್ರಶ್ನೆ. ಆ ಚಹಾ ನಮ್ಮ ಅಸ್ಸಾಮಿನದ್ದಾ? ಕಂಪನಿ ನಮ್ಮದನ್ನೇ ಲೂಟಿ ಮಾಡಿ ಅಲ್ಲಿ ಸುರಿಸಿಕೊಂಡಿತಾ?

ಬಯಲುಸೀಮೆ

ಅಲ್ಲ, ಪೂರ್ತಿ ಚೀನಾದ್ದು. ಜಾಸ್ತಿ ಬೊಹಿಯಾ ಅನ್ನುವ ಸಾಧಾರಣ ಕಪ್ಪು ಚಹಾ, ಸ್ವಲ್ಪ ಹಸಿರು ಚಹಾ ಕೂಡ. ಅಸ್ಸಾಂ ಚಹಾ ಮಾರುಕಟ್ಟೆಗೆ ಬರೋಕೆ ಇನ್ನೂ ಅರವತ್ತು ವರ್ಷ ಇತ್ತು.

ಪಟ್ಟಣದ ಕೋಟೆ

ಚಹಾ ನಮ್ಮದಲ್ಲ, ಆದರೆ ಕಂಪನಿಯ ಸಾಲದಲ್ಲಿ ನಮ್ಮ ಪಾಲೂ ಉಂಟು! ಹೈದರಾಲಿ ಕಂಪನಿಯನ್ನು ಮುಳುಗಿಸಿದ, ಕಂಪನಿ ಚಹಾ ಮಾರೋಕೆ ಹೊರಟಿತು, ಅಮೆರಿಕ ಸ್ವತಂತ್ರವಾಯಿತು. ಮೈಸೂರಿನವರಿಗೆ ಅವರು ಥ್ಯಾಂಕ್ಸ್ ಹೇಳಬೇಕು.

ಹಳೇ ಮೇಷ್ಟ್ರು

ನಿಧಾನ ಮಾರಾಯರೇ. ಎಳೆ ಇದೆ, ಹಗ್ಗ ಮಾಡಬೇಡಿ. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೆ ಹೋಗಿ ಒಪ್ಪಂದ ಬರೆಸಿಕೊಂಡ. ಅವನು ಮುನ್ನುಗ್ಗುತ್ತಿರುವ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಕಂಪನಿಯ ಷೇರು ಕುಸಿದದ್ದು ನಿಜ. ಆಮೇಲೆ ಬಂಗಾಳದ ಭೀಕರ ಬರ, ಸರ್ಕಾರಕ್ಕೆ ವರ್ಷವರ್ಷ ಕಟ್ಟಬೇಕಿದ್ದ 4 ಲಕ್ಷ ಪೌಂಡ್, ಕೈಮೀರಿ ಹಂಚಿದ ಡಿವಿಡೆಂಡ್, 1772ರ ಬ್ಯಾಂಕ್ ಕುಸಿತ. ಎಲ್ಲ ಸೇರಿ ಕಂಪನಿ ಮಲಗಿತು. 1773ರಲ್ಲಿ ಪಾರ್ಲಿಮೆಂಟ್ ಒಂದು ಕೈಯಲ್ಲಿ ಟೀ ಕಾಯ್ದೆ ಮಾಡಿತು, ಇನ್ನೊಂದು ಕೈಯಲ್ಲಿ ಕಂಪನಿಗೆ ಲಗಾಮು ಹಾಕುವ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ರೆಗ್ಯುಲೇಟಿಂಗ್ ಕಾಯ್ದೆ. ಎರಡೂ ಒಂದೇ ರೋಗಕ್ಕೆ ಕೊಟ್ಟ ಮದ್ದು. ಎರಡನ್ನೂ ಬೇರೆ ಬೇರೆ ಪಾಠದಲ್ಲಿ ಹಾಕಿ ನಮಗೆ ಗೊತ್ತೇ ಆಗದ ಹಾಗೆ ಮಾಡಿದ್ದಾರೆ.

ಅಮೆರಿಕದವರಿಗೆ ಇದು ಗೊತ್ತಿತ್ತು. ಬಂಗಾಳದಲ್ಲಿ ಜನರನ್ನು ಹಸಿವಿನಿಂದ ಸಾಯಿಸಿದ ಕಂಪನಿ ಈಗ ನಮ್ಮ ಬಾಗಿಲಿಗೆ ಬಂದಿದೆ ಅಂತ 1773ರ ಕರಪತ್ರಗಳಲ್ಲೇ ಬರೆದಿದ್ದಾರೆ.

ಪಟ್ಟಣದ ಕೋಟೆ

ಥ್ಯಾಂಕ್ಸ್ ವಾಪಸ್ ತಗೊಂಡೆ. ಆದರೆ ಅವರು ಒಂದು ಹಡಗಿಗೆ 'ಹೈದರ್ ಅಲಿ' ಅಂತ ಹೆಸರಿಟ್ಟಿದ್ದು ಸುಳ್ಳಲ್ಲ. ಪೆನ್ಸಿಲ್ವೇನಿಯಾದ ಹಡಗು, 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಹಿಡಿಯಿತು. ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಹತ್ತು ವರ್ಷ ಬಿಟ್ಟು ಬಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅಲ್ಲಿಯ ಸಿಟ್ಟನ್ನು ಇಲ್ಲಿ ತೀರಿಸಿಕೊಂಡ ಅಂತ ನಮ್ಮಜ್ಜ ಹೇಳ್ತಿದ್ದರು.

ಸುಳ್ಯದವ

ನಮ್ಮಲ್ಲಿಯೂ ಇಂಥದ್ದೇ ಉಂಟು ಮಾರಾಯ್ರೇ. 1834ರಲ್ಲಿ ಕೊಡಗು ಕಂಪನಿ ಕೈಗೆ ಹೋದ ಮೇಲೆ ಸುಳ್ಯ, ಪುತ್ತೂರಿನ ಕಡೆಯನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ಕಟ್ಟಿ ಅಂದರು. ರೈತನ ಹತ್ತಿರ ಭತ್ತ ಉಂಟು, ನಗದು ಎಲ್ಲಿ? 1837ರಲ್ಲಿ ಅಮರ ಸುಳ್ಯದವರು ಎದ್ದು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಎಷ್ಟು ಕೊಡಬೇಕು ಅನ್ನುವುದಕ್ಕಿಂತ ಯಾವುದರಲ್ಲಿ ಕೊಡಬೇಕು ಅನ್ನುವುದೇ ದೊಡ್ಡದಾಯಿತು.

ಲೆಕ್ಕಪತ್ರ

ಇದು ಪಾಯಿಂಟು. ಅಮೆರಿಕದಲ್ಲೂ ಅದೇ ಗೋಳು. ಸ್ಟ್ಯಾಂಪ್ ತೆರಿಗೆಯನ್ನು ಇಂಗ್ಲೆಂಡಿನ ಹಣದ ಲೆಕ್ಕದಲ್ಲಿ ಕಟ್ಟಬೇಕು. 1764ರಲ್ಲೇ ವಸಾಹತುಗಳ ಸ್ವಂತ ಕಾಗದದ ದುಡ್ಡಿಗೆ ಕಡಿವಾಣ ಹಾಕಿದ್ದರು. ಯುದ್ಧ ಮುಗಿದು ವ್ಯಾಪಾರ ಬಿದ್ದಿತ್ತು, ಬೆಳ್ಳಿ ನಾಣ್ಯ ಕಣ್ಣಿಗೆ ಬೀಳ್ತಿರಲಿಲ್ಲ. ವಕೀಲಮ್ಮನ ಹೊಲ ಉಳುವವನಿಗೆ ನೋವಾಗಿದ್ದು ಹೀಗೆ ಇರಬೇಕು. ಅಷ್ಟು ಮಾತ್ರ ಒಪ್ಪಿದೆ ಮೇಡಂ.

ಬೆಣ್ಣೆದೋಸೆ

ಲೆಕ್ಕಪತ್ರ ಒಪ್ಪಿದರು. ದಿನಾಂಕ ಬರೆದಿಟ್ಟುಕೊಳ್ಳಿ.

ನೂಲಜ್ಜಿ

ಗಂಡಸರು ಪೆಟ್ಟಿಗೆ ಎಸೆದದ್ದೊಂದೇ ಕಥೆ ಮಾಡ್ತೀರಿ. ಅದಕ್ಕೂ ಮೊದಲು, ಟೌನ್‌ಶೆಂಡ್ ಸುಂಕ ಬಂದಾಗ, ಇಂಗ್ಲೆಂಡಿನ ಬಟ್ಟೆ ಬೇಡ ಅಂತ ಹೆಂಗಸರು ಊರೂರಲ್ಲಿ ಪಾದ್ರಿ ಮನೆಯಲ್ಲಿ ಚರಕ ಇಟ್ಟುಕೊಂಡು ಕೂತು ನೂತರು. ಮನೆನೂಲಿನ ಒರಟು ಬಟ್ಟೆ ಹಾಕುವುದೇ ಹೆಮ್ಮೆಯಾಯಿತು. ಹಾರ್ವರ್ಡಿನ ಹುಡುಗರು ಪದವಿ ಸಮಾರಂಭಕ್ಕೂ ಅದನ್ನೇ ಹಾಕಿದರು. ಚಹಾ ಬಿಟ್ಟು ಕಾಡಿನ ಸೊಪ್ಪು ಕುದಿಸಿ ಕುಡಿದರು. 1774ರಲ್ಲಿ ಉತ್ತರ ಕ್ಯಾರೊಲಿನಾದ ಈಡನ್‌ಟನ್ ಊರಿನ 51 ಹೆಂಗಸರು ಬಹಿಷ್ಕಾರಕ್ಕೆ ಹೆಸರು ಬರೆದು ಸಹಿ ಹಾಕಿದರು. ಲಂಡನ್ನಿನಲ್ಲಿ ಅವರ ಮೇಲೆ ವ್ಯಂಗ್ಯಚಿತ್ರ ಬಂತು, ನಗಾಡಿದರು. 1770ರಲ್ಲಿ ಚಹಾ ಬಿಟ್ಟು ಉಳಿದ ಸುಂಕ ತೆಗೆದರಲ್ಲ, ಅದು ಸುಮ್ನೆ ಆಯಿತಾ? ಅಡುಗೆಮನೆಯಿಂದ ಆದದ್ದು.

ಬಯಲುಸೀಮೆ

ಅಜ್ಜಿ ಹೇಳಿದ್ದು ಸರಿ. ಚಹಾ ಸುಂಕ ಒಂದನ್ನೇ ಉಳಿಸಿಕೊಂಡಿದ್ದು ದುಡ್ಡಿಗಾಗಿ ಅಲ್ಲ, ಹಕ್ಕು ನಮ್ಮದು ಅಂತ ತೋರಿಸೋಕೆ. 1766ರಲ್ಲಿ ಸ್ಟ್ಯಾಂಪ್ ಕಾಯ್ದೆ ರದ್ದು ಮಾಡಿದಾಗಲೂ, ಎಲ್ಲ ವಿಷಯದಲ್ಲೂ ನಿಮ್ಮ ಮೇಲೆ ಕಾನೂನು ಮಾಡುವ ಅಧಿಕಾರ ನಮಗಿದೆ ಅಂತ ಇನ್ನೊಂದು ಕಾಯ್ದೆ ಪಾಸು ಮಾಡಿಟ್ಟುಕೊಂಡಿದ್ದರು. ಅಂದರೆ 3 ಪೆನ್ನಿ ಎರಡೂ ಕಡೆಯವರಿಗೆ ಹಟ. ಅಗ್ಗದ ಚಹಾ ಕುಡಿದರೆ ಆ ಹಕ್ಕನ್ನು ಒಪ್ಪಿಕೊಂಡ ಹಾಗೆ. ಅಗ್ಗವಾದದ್ದೇ ಅಪಾಯ. ಅಕ್ಕಪಕ್ಕದವರು ಕೊಂಡುಕೊಂಡುಬಿಟ್ಟರೆ?

ಇನ್ನು ಆ ರಾತ್ರಿ. ಮೂರು ಹಡಗು, 'ಡಾರ್ಟ್‌ಮತ್', 'ಎಲಿನರ್', 'ಬೀವರ್'. ಮೊದಲನೆಯದು ನವೆಂಬರ್ 28ಕ್ಕೆ ಬಂದಿತ್ತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಚಹಾ ಜಪ್ತಿ ಮಾಡಿ ಇಳಿಸಿಕೊಳ್ಳಬಹುದು. ನ್ಯೂಯಾರ್ಕ್, ಫಿಲಡೆಲ್ಫಿಯಾದಿಂದ ಚಹಾ ಹಡಗು ವಾಪಸ್ ಹೋದವು. ಬಾಸ್ಟನ್ನಿನಲ್ಲಿ ಹಚಿನ್‌ಸನ್ ಹೋಗೋಕೆ ಬಿಡಲಿಲ್ಲ. ಹಾಗಾಗಿ ಡಿಸೆಂಬರ್ 16, ಗಡುವಿನ ಕೊನೆಯ ರಾತ್ರಿ. ಮೂರು ತಾಸಿನಲ್ಲಿ 342 ಪೆಟ್ಟಿಗೆ (340 ಅನ್ನುವವರೂ ಇದ್ದಾರೆ), ಸುಮಾರು 42 ಟನ್. ನೀರು ಇಳಿತದಲ್ಲಿತ್ತು. ಸುರಿದ ಚಹಾ ಮುಳುಗದೆ ಹಡಗಿನ ಪಕ್ಕ ಹುಲ್ಲಿನ ಮೆದೆಯ ಹಾಗೆ ಗುಡ್ಡೆಯಾಯಿತು. ಬೇರೆ ಯಾವ ಸರಕನ್ನೂ ಮುಟ್ಟಲಿಲ್ಲ. ಒಬ್ಬ ಮಾತ್ರ ಕೋಟಿನ ಒಳಪದರಕ್ಕೆ ಚಹಾ ತುಂಬಿಕೊಳ್ಳುತ್ತಿದ್ದ. ಸಿಕ್ಕಿಬಿದ್ದ, ಅವನ ಬಟ್ಟೆ ಕಿತ್ತು ಓಡಿಸಿದರು. ಮರುದಿನ ಬೆಳಿಗ್ಗೆಯೂ ಚಹಾ ತೇಲುತ್ತಿತ್ತು. ಯಾರೂ ಬಾಚಿಕೊಳ್ಳಬಾರದು ಅಂತ ದೋಣಿಯಲ್ಲಿ ಹೋಗಿ ಹುಟ್ಟಿನಿಂದ ಬಡಿದು ಮುಳುಗಿಸಿದರು.

ಸುಮ್ನೆ ಓದುವವ

ಕೋಟಿಗೆ ತುಂಬಿಕೊಂಡವನೇ ನನ್ನ ಹೀರೋ.

ಲಂಡನ್ನಿನ ಲಕ್ಕ

ಸ್ವಾತಂತ್ರ್ಯದ ಮಾತಾಡಿದ ಇದೇ ಜನರ ಮನೆಯಲ್ಲಿ ಗುಲಾಮರಿದ್ದರು. ಇಂಗ್ಲೆಂಡಿನವರು ಆಗಲೇ ಇದನ್ನು ಕುಟುಕಿದ್ದಾರೆ. 1770ರ ಮಾರ್ಚ್ 5ಕ್ಕೆ ಬಾಸ್ಟನ್ನಿನಲ್ಲಿ ಸೈನಿಕರ ಗುಂಡಿಗೆ ಐವರು ಸತ್ತರಲ್ಲ, ಅದರಲ್ಲಿ ಮೊದಲು ಬಿದ್ದವನು ಕ್ರಿಸ್ಪಸ್ ಅಟಕ್ಸ್, ಆಫ್ರಿಕಾ ಮೂಲದವನು. ಅವನ ಜನರಿಗೆ ಸಿಕ್ಕ ಸ್ವಾತಂತ್ರ್ಯ ಎಷ್ಟು?

ವಕೀಲಮ್ಮ

ಇದಕ್ಕೆ ನನ್ನ ಹತ್ತಿರ ವಾದವಿಲ್ಲ. ಸರಿ ಇದೆ.

ಆದರೆ ತೆರಿಗೆಯಿಂದ ದಂಗೆಗೆ ದಾಟಿಸಿದ್ದು ಯಾವುದು ಅಂತ ಕೇಳಿದರೆ ನಾನು 1774ರಲ್ಲಿ ಬ್ರಿಟನ್ ಹಾಕಿದ ಶಿಕ್ಷೆ ಅಂತೀನಿ. ಚಹಾದ ದುಡ್ಡು ಕೊಡುವ ತನಕ ಬಾಸ್ಟನ್ ಬಂದರು ಬಂದ್. ಮ್ಯಾಸಚೂಸೆಟ್ಸ್‌ನ ಊರ ಸಭೆಗಳಿಗೆ ಗವರ್ನರನ ಅಪ್ಪಣೆ ಬೇಕು. ಎಸೆದವರು ನೂರು ಚಿಲ್ಲರೆ ಜನ, ಶಿಕ್ಷೆ ಇಡೀ ಊರಿಗೆ. ಚಹಾ ಎಸೆದದ್ದು ತಪ್ಪು ಅಂದವರೂ ಆಗ ತಿರುಗಿದರು. ಕನೆಕ್ಟಿಕಟ್‌ನಿಂದ ಕುರಿ, ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು. ಸೆಪ್ಟೆಂಬರಿನಲ್ಲಿ 12 ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಸೇರಿದವು. ಮುಂದಿನ ಏಪ್ರಿಲ್ 19ಕ್ಕೆ ಲೆಕ್ಸಿಂಗ್‌ಟನ್‌ನಲ್ಲಿ ಯುದ್ಧದ ಮೊದಲ ಗುಂಡು. 1776ರ ಸ್ವಾತಂತ್ರ್ಯ ಘೋಷಣೆ ತೆಗೆದು ನೋಡಿ, ರಾಜನ ಮೇಲಿನ ದೂರುಗಳ ಉದ್ದ ಪಟ್ಟಿಯಲ್ಲಿ ತೆರಿಗೆ ಬರುವುದು ಎಲ್ಲೋ ಮಧ್ಯದಲ್ಲಿ, ಒಂದೇ ಒಂದು ಸಾಲು.

ಲೆಕ್ಕಪತ್ರ

ಮುಂದಿನದ್ದನ್ನೂ ಕೇಳಿ. 1791ರಲ್ಲಿ ಹೊಸ ಅಮೆರಿಕ ಸರ್ಕಾರ ವಿಸ್ಕಿಗೆ ತೆರಿಗೆ ಹಾಕಿತು. ಯಾಕೆ? ಯುದ್ಧದ ಸಾಲ ತೀರಿಸೋಕೆ! ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಅದೇ ಡಾಂಬರು, ಅದೇ ಗರಿ ಹಿಡಿದು ಎದ್ದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ 13 ಸಾವಿರದ ಹತ್ತಿರ ಸೈನ್ಯ ಕಟ್ಟಿಕೊಂಡು ಹೊರಟ. ಗ್ರೆನ್‌ವಿಲ್ ಗೋರಿಯಲ್ಲಿ ನಕ್ಕಿರಬೇಕು.

ವಕೀಲಮ್ಮ

ಆ ರೈತರಿಗೆ ಮತ ಹಾಕಿ ಕಳಿಸಿದ ಪ್ರತಿನಿಧಿ ಇದ್ದ. ಅದೇ ವ್ಯತ್ಯಾಸ.

ಲೆಕ್ಕಪತ್ರ

ಅಕ್ಕಿ ಅಂಗಡಿ ಬೀದಿಯಲ್ಲೂ ನಮಗೆ ಪ್ರತಿನಿಧಿ ಇದ್ದ ಮೇಡಂ.

ಕಾಫಿಪುಡಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ರಾತ್ರಿ ಊಟದ ಹೊತ್ತಿಗೆ ಇಡೀ ಚರ್ಚೆ ಮಗಳಿಗೆ ಓದಿ ಹೇಳಿದೆ. ಬೂಟಿನ ದೆವ್ವಕ್ಕೆ ನಕ್ಕಳು, ಡಾಂಬರಿಗೆ ಮುಖ ಸಿಂಡರಿಸಿದಳು. ನಾಳೆ ತರಗತಿಯಲ್ಲಿ 'ಅಗ್ಗವಾದದ್ದೇ ಅಪಾಯ' ಅನ್ನುವ ಮಾತು ಹೇಳ್ತಾಳಂತೆ. ಅದು ಬಯಲುಸೀಮೆ ಅವರದು ಅಂತ ಹೇಳು ಅಂದಿದ್ದೀನಿ. ಈಗ ಇನ್ನೊಂದು ಪ್ರಶ್ನೆ ಬಂದಿದೆ: ಎಸೆದ ಚಹಾದ ದುಡ್ಡನ್ನು ಕೊನೆಗೆ ಯಾರಾದ್ರೂ ಕೊಟ್ಟರಾ?

ಹಳೇ ಮೇಷ್ಟ್ರು

ಕೊಡಲಿಲ್ಲ ಮಗಾ. ಕಂಪನಿ ಹೇಳಿದ ನಷ್ಟ 9,659 ಪೌಂಡ್. ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟು ಮುಗಿಸಿ ಅಂತ ಊರಿಗೆ ಬರೆದಿದ್ದ. ಯಾರೂ ಕೇಳಲಿಲ್ಲ.

ಲೆಕ್ಕಪತ್ರ

250 ವರ್ಷದ ಬಾಕಿ. ಚಕ್ರಬಡ್ಡಿ ಹಾಕಲಾ, ಸರಳ ಬಡ್ಡಿ ಸಾಕಾ?